ಕರಡಿಗುಡ್ಡದ ಕೂಗು

ಹಿನ್ನೀರಿನ ದಡ, ಹೊಸದುರ್ಗ ತಾಲ್ಲೂಕು
೩ ಫೆಬ್ರುವರಿ ೨೦೨೫, ಸೋಮವಾರ

ರೀ,

ಕಾಗದ ಕಂಡು ಗಾಬರಿಯಾಗಬೇಡಿ, ನಾನು ಚೆನ್ನಾಗಿದ್ದೇನೆ. ಫೋನ್ ಇರುವಾಗ ಇದೇನು ಹೊಸ ಅವತಾರ ಎಂದು ಹುಬ್ಬೇರಿಸುತ್ತೀರೆಂದು ಗೊತ್ತು. ನಿಮ್ಮ ಮನೆಯಲ್ಲಿ ಫೋನ್ ಎಂದರೆ ಸ್ಪೀಕರ್. ನಾನು ನಿಮ್ಮನ್ನು ಊಟ ಆಯಿತೇ ಎಂದು ಕೇಳಿದರೆ ಅತ್ತೆ, “ಆತು ಕಣಮ್ಮ, ಮುದ್ದೆ, ಹುರುಳಿ ಸಾರು” ಎನ್ನುತ್ತಾರೆ. ಏನು ಮಾಡುತ್ತಿದ್ದೀರಿ ಎಂದರೆ ಹಿಂದಿನಿಂದ ಮಾವ, “ಇಲ್ಲೇ ಕುಂತವ್ನೆ” ಎನ್ನುತ್ತಾರೆ. ನಿಮ್ಮ ಪಾಲಿಗೆ ಉಳಿಯುವುದು ಒಂದು “ಹ್ಞೂ”. ಫೋನ್ ಇಟ್ಟ ಮೇಲೆ ನಾನು ಗಂಡನ ಜೊತೆ ಮಾತಾಡಿದೆನೋ ಗ್ರಾಮಸಭೆ ನಡೆಸಿದೆನೋ ತಿಳಿಯುವುದಿಲ್ಲ. ಅದಕ್ಕೇ ಕಾಗದ. ಇದನ್ನು ದಾಳಿಂಬೆ ತೋಟಕ್ಕೆ ಹೋಗಿ ಒಬ್ಬರೇ ಓದಿ.

ನನ್ನ ಅಂಚೆ ಕಚೇರಿ ಹೇಗಿದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಾರ್ವತಮ್ಮನವರ ಮನೆಯ ಮುಂದಿನ ಕೋಣೆ. ಒಂದು ಮೇಜು, ಒಂದು ತಕ್ಕಡಿ, ಒಂದು ಮೊಹರು. ಹಿಂದಿನ ಕೋಣೆಯಲ್ಲಿ ನನ್ನ ವಾಸ. ಊರಿಗೆ ಬರುವುದೆಲ್ಲ ಬ್ಯಾಂಕಿನ ನೋಟಿಸು, ವಿಮೆಯ ಕವರು. ಕೈಬರಹದ ವಿಳಾಸ ಕಂಡರೆ ಕಣ್ಣಿಗೊತ್ತಿಕೊಳ್ಳುವಷ್ಟು ಆಸೆಯಾಗುತ್ತದೆ. ಹಾಗಾಗಿ ನೀವು ಉತ್ತರ ಬರೆದರೆ ಅಂಚೆಯಲ್ಲೇ ಹಾಕಬೇಕು. ಮೀನಿನ ಮುರುಗೇಶ ಆ ದಡಕ್ಕೂ ಈ ದಡಕ್ಕೂ ತೆಪ್ಪದಲ್ಲಿ ಓಡಾಡುತ್ತಾನೆ, ಅವನ ಕೈಯಲ್ಲಿ ಕೊಟ್ಟರೆ ಅರ್ಧ ಗಂಟೆಯಲ್ಲಿ ಬಂದುಬಿಡುತ್ತದೆ, ನನಗೂ ಗೊತ್ತು. ಅಂಚೆಯವಳ ಗಂಡನ ಕಾಗದವೇ ಮೀನಿನ ಬುಟ್ಟಿಯಲ್ಲಿ ಬಂದರೆ ನನ್ನ ಮರ್ಯಾದೆ ಏನಾಗಬೇಕು? ಹಿರಿಯೂರು, ಚಿತ್ರದುರ್ಗ, ಹೊಸದುರ್ಗ ಎಲ್ಲ ಸುತ್ತಿಕೊಂಡೇ ಬರಲಿ.

ಕಳೆದ ಎರಡು ಭಾನುವಾರ ಮನೆಗೆ ಬರಲಾಗಲಿಲ್ಲ. ಬಸ್ಸಿನದೇ ತೊಂದರೆ.

ಮುಖ್ಯ ವಿಷಯ ಕೊನೆಗೆ ಇಟ್ಟಿದ್ದೇನೆ. ಐಮಂಗಲದ ಹತ್ತಿರದ ಒಂದು ಊರಿನ ಅಂಚೆ ಕಚೇರಿ ಖಾಲಿಯಾಗಿದೆ. ವರ್ಗಾವಣೆಗೆ ಅರ್ಜಿ ಹಾಕಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ. ಸಿಕ್ಕರೆ ನಮ್ಮ ಮನೆಯಿಂದಲೇ ಓಡಾಡಬಹುದು. ಈಗ ತಪ್ಪಿದರೆ ಮತ್ತೆ ಯಾವ ಕಾಲಕ್ಕೋ. ಹಾಕಲೇ? ನೀವೇನು ಹೇಳುತ್ತೀರಿ?

ನನ್ನ ಕಿಟಕಿಯಿಂದ ನೀರಿನ ನಡುವೆ ಕರಡಿಗುಡ್ಡದ ಬೆನ್ನು ಕಾಣುತ್ತದೆ. ನಿಮಗೆ ಅದರ ಮುಖ ಕಾಣುತ್ತದಲ್ಲ?

ನಿಮ್ಮ ರಮ್ಯಾ

*

ಹಟ್ಟಿ, ಹಿರಿಯೂರು ತಾಲ್ಲೂಕು
೭ ಫೆಬ್ರುವರಿ ೨೦೨೫

ರಮ್ಯಾ,

ಕಾಗದ ತಲುಪಿತು. ದಾಳಿಂಬೆ ತೋಟದಲ್ಲೇ ಓದಿದೆ. ಶಾಲೆಯಲ್ಲಿ ರಜಾ ಅರ್ಜಿ ಬರೆದದ್ದು ಬಿಟ್ಟರೆ ನಾನು ಯಾರಿಗೂ ಏನೂ ಬರೆದವನಲ್ಲ. ಮೊದಲು “ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ” ಎಂದು ಶುರು ಮಾಡಿ, ನಗು ಬಂದು ಹರಿದುಹಾಕಿದೆ.

ಇಲ್ಲಿ ಒಂದು ದೊಡ್ಡ ಸುದ್ದಿ ಇದೆ. ಕೆಂಚಿ ಸಿಕ್ಕಿದ್ದಾಳೆ. ನಮ್ಮ ದೇವರ ದನಗಳಲ್ಲಿ ಕೆಂಪು ಬಣ್ಣದವಳು, ನೀನು ಮದುವೆಯಾಗಿ ಹಟ್ಟಿಗೆ ಬಂದ ದಿನ ಹೊಸ ಸೀರೆಯ ಸೆರಗು ಜಗಿದವಳು, ಅವಳೇ. ದೀಪಾವಳಿ ಹೊತ್ತಿಗೆ ಕರಡಿಗುಡ್ಡಕ್ಕೆ ಮೊಣಕಾಲುದ್ದ ನೀರಿತ್ತು, ಹಿಂಡು ಅಲ್ಲಿಗೆ ಮೇಯಲು ಹೋಗಿತ್ತು. ವಾಪಸು ಬರುವಾಗ ಇವಳೊಬ್ಬಳು ಇರಲಿಲ್ಲ. ಗಬ್ಬದ ಹಸು, ಬೇರೆ ಹಟ್ಟಿಯ ಹಿಂಡಿನ ಹಿಂದೆ ಹೋಗಿರಬೇಕು ಎಂದುಕೊಂಡು ಅಪ್ಪ ಸುತ್ತಲ ಹಟ್ಟಿಗಳನ್ನೆಲ್ಲ ತಿರುಗಿ ಬಂದರು. ಅಷ್ಟರಲ್ಲಿ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿತ್ತು. ಜನವೆಲ್ಲ ಫೋಟೋ ತೆಗೆಯುವ ಸಂಭ್ರಮದಲ್ಲಿದ್ದಾಗ ಗುಡ್ಡ ನಾಲ್ಕೂ ಕಡೆ ನೀರಾಗಿ ದ್ವೀಪವಾಗಿ ಕುಂತಿತು. ಮೊನ್ನೆ ಮುರುಗೇಶ ಬಲೆ ಬಿಡಲು ಹೋದಾಗ ಪೊದೆಯ ನಡುವೆ ಕೆಂಪು ಬೆನ್ನು ಕಂಡಿದ್ದಾನೆ.

ಅಪ್ಪನಿಗೆ ಅಂದಿನಿಂದ ಊಟ ಸೇರುತ್ತಿಲ್ಲ. ಕಿಲಾರಿ ಎಂದ ಮೇಲೆ ದೇವರ ದನಗಳಿಗೆಲ್ಲ ಅವರೇ ಹೊಣೆಯಲ್ಲವೇ. ಮುಂದಿನ ಶನಿವಾರ ಮುರುಗೇಶನ ತೆಪ್ಪದಲ್ಲಿ ಹೋಗಿ, ರಾತ್ರಿ ಅಲ್ಲೇ ಇದ್ದು, ಭಾನುವಾರ ಬರುತ್ತೇವೆ. ಅಲ್ಲಿ ಈಗ ಮನುಷ್ಯರ ಸುಳಿವಿಲ್ಲ, ಕಾಡು ಬೆಳೆದು ದಾರಿಯೂ ಇಲ್ಲವಂತೆ.

ಕರೆತರುವುದು ಸುಲಭವಲ್ಲ. ನಮ್ಮ ಹಟ್ಟಿಯಲ್ಲಿ ದೇವರ ದನಕ್ಕೆ ಮೂಗುದಾರವಿಲ್ಲ, ಕೊರಳಿಗೆ ಹಗ್ಗವಿಲ್ಲ, ಬೆನ್ನಿಗೆ ಕೋಲಿಲ್ಲ ಎನ್ನುವುದು ನಿನಗೂ ಗೊತ್ತು. ಎಳೆದು ತಂದರೆ ಅದು ದೇವರದ್ದಾಗಿ ಉಳಿಯುವುದಿಲ್ಲ. ತಾನಾಗಿ ಬರಬೇಕು, ನಾವು ಸುಮ್ಮನೆ ನಿಂತಿರಬೇಕು. ನಾನು ಹುಟ್ಟಿದಾಗಿನಿಂದ ಕಂಡು ಕಲಿತದ್ದು ಇದೊಂದೇ. ಮನಸ್ಸಿಲ್ಲದ ಜೀವವನ್ನು ಎಳೆಯುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ.

ಅವ್ವ ಕೇಳಿದಳೆಂದು ತಿಳಿಸು ಎಂದಳು. ನಿನ್ನ ಐಮಂಗಲದ ವಿಷಯ, ನಿನ್ನಿಷ್ಟ.

ಹುಷಾರಾಗಿರು.

ಚೇತನ್‌ಕುಮಾರ್

*

ಹಿನ್ನೀರಿನ ದಡ
೧೨ ಫೆಬ್ರುವರಿ ೨೦೨೫

ಚೇತನ್‌ಕುಮಾರ್ ಅವರಿಗೆ,

ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೀರಿ, ಆದ್ದರಿಂದ ನಾನೂ ಪೂರ್ತಿ ಹೆಸರಿನಿಂದಲೇ ಶುರು ಮಾಡಿದೆ.

ಕೈಬರಹದ ಕವರು ಬಂದಾಗ ಪಾರ್ವತಮ್ಮ ಪಕ್ಕದಲ್ಲೇ ಇದ್ದರು. “ಯಾರ್ದು ಕಾಗ್ದ?” ಎಂದರು. ನಮ್ಮವರದು ಎಂದು ಎದೆಯುಬ್ಬಿಸಿ ಹೇಳಿದೆ. “ಏನ್ ಬರ್ದವ್ರೆ?” ಎಂದರು. ಹಸು ಸಿಕ್ಕಿದೆಯಂತೆ ಎಂದೆ. ಅವರು ಇನ್ನೇನೂ ಕೇಳಲಿಲ್ಲ, ಒಳಗೆ ಹೋಗಿ ನನಗೆ ಕಾಫಿ ಮಾಡಿಕೊಂಡು ಬಂದರು.

ಕೆಂಚಿಗೆ ಒಂದೂವರೆ ಪುಟ. ನನಗೆ ಒಂದು ಪದ. ನಿನ್ನಿಷ್ಟ.

ಹಗ್ಗ ಹಾಕಬಾರದು, ಎಳೆಯಬಾರದು, ಮನಸ್ಸಿಲ್ಲದ ಜೀವ ಎಂದೆಲ್ಲ ಬರೆದಿದ್ದೀರಲ್ಲ, ಅದು ಯಾರಿಗೆ ಹೇಳಿದ್ದೆಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಹಸುವಿನ ನೆಪದಲ್ಲಿ ನನಗೆ ಬುದ್ಧಿ ಹೇಳುವ ಬದಲು ನೇರವಾಗಿ ಹೇಳಬಹುದಿತ್ತು. ನನಗೆ ಮನಸ್ಸಿಲ್ಲ ಎಂದು ನಿಮಗೆ ಯಾರು ಹೇಳಿದರು? ಮನಸ್ಸಿಲ್ಲದವಳು ಅರ್ಜಿ ಹಾಕಲೇ ಎಂದು ಕೇಳುತ್ತಿದ್ದಳೇ?

ಇರಲಿ. ಇಲ್ಲಿಯೂ ನನಗೆ ಕೊರತೆಯಿಲ್ಲ. ಪಿಂಚಣಿಯ ಅಜ್ಜಿಯರು ನನ್ನನ್ನು ಮಗಳ ಹಾಗೆ ನೋಡಿಕೊಳ್ಳುತ್ತಾರೆ. ಸೈಕಲ್ ಹೊಡೆಯಲು ಕಲಿತಿದ್ದೇನೆ, ಒಮ್ಮೆ ಬೇಲಿಗೆ ನುಗ್ಗಿದ್ದು ಬಿಟ್ಟರೆ ಚೆನ್ನಾಗಿಯೇ ಹೊಡೆಯುತ್ತೇನೆ. ನನ್ನಿಷ್ಟ ಎಂದಿರಲ್ಲ, ನನ್ನಿಷ್ಟ ಏನೆಂದು ಯೋಚನೆ ಮಾಡುತ್ತಿದ್ದೇನೆ.

ಗುಡ್ಡಕ್ಕೆ ಹೋಗುವಾಗ ದಪ್ಪ ಅಂಗಿ ಹಾಕಿಕೊಳ್ಳಿ, ಕಾರೆಮುಳ್ಳು ಇರುತ್ತದೆ. ಮಾವನವರಿಗೆ ನೀರಿನ ಗಾಳಿ ತಾಗದ ಹಾಗೆ ತಲೆಗೆ ಮಫ್ಲರ್ ಸುತ್ತಲು ಹೇಳಿ.

ರಮ್ಯಾ

*

ಹಟ್ಟಿ
೧೭ ಫೆಬ್ರುವರಿ ೨೦೨೫, ಸೋಮವಾರ

ರಮ್ಯಾ,

ನಿನ್ನೆ ಸಂಜೆ ಗುಡ್ಡದಿಂದ ಬಂದೆವು. ಗಂಟಲು ಪೂರ್ತಿ ಕಟ್ಟಿದೆ. ಮಾತಾಡಲು ಆಗುವುದಿಲ್ಲವೆಂದೇ ಇವತ್ತು ಕೂತು ಉದ್ದಕ್ಕೆ ಬರೆಯುತ್ತಿದ್ದೇನೆ.

ಅಪ್ಪ ಇಷ್ಟು ವರ್ಷ ಈ ನೀರಿನ ಪಕ್ಕದಲ್ಲೇ ಬದುಕಿದ್ದರೂ ತೆಪ್ಪ ಹತ್ತಿದ್ದು ಇದೇ ಮೊದಲು. ನಡುವೆ ಮಂಡಿಯೂರಿ ಕುಂತವರು ದಡ ಬರುವವರೆಗೆ ಅಲುಗಾಡಲಿಲ್ಲ. ಮುರುಗೇಶ, “ತಾತಾ, ಉಸಿರಾಡ್ರಿ, ತೆಪ್ಪ ಏನೂ ಅನ್ಕಳಲ್ಲ” ಎಂದು ತಮಾಷೆ ಮಾಡಿದ. ನಾನು ಬಗ್ಗಿ ನೀರು ನೋಡುತ್ತಿದ್ದೆ. ಹುಡುಗನಾಗಿದ್ದಾಗ ದನ ಹೊಡೆದುಕೊಂಡು ನಡೆದ ದಾರಿ ಅದರಡಿಯಲ್ಲೇ ಎಲ್ಲೋ ಇತ್ತು. ಮುಳುಗಿದ ಜಾಲಿ ಮರಗಳ ತುದಿ ಮಾತ್ರ ಮೇಲಿದ್ದವು, ಒಂದೊಂದು ತುದಿಗೂ ಒಂದೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿತ್ತು.

ಗುಡ್ಡದ ಬುಡದಲ್ಲಿ ನಮ್ಮಿಬ್ಬರನ್ನು ಇಳಿಸಿ, ನಾಳೆ ಬರುತ್ತೇನೆಂದು ಮುರುಗೇಶ ಹೋದ. ತೆಪ್ಪ ದೂರವಾದ ಮೇಲೆ ಎಂಥ ಮೌನ ಅಂತೀಯಾ. ಬಂದರಿ ಗಿಡ ಎದೆಮಟ್ಟ ಬೆಳೆದಿದೆ, ಅದರೊಳಗೆ ಕಾರೆಮುಳ್ಳು. ಅಂಗಿ ಹರಿಯಿತು. ಒಂದು ಕಡೆ ಹುತ್ತವನ್ನು ಕರಡಿ ಬಗೆದು ಹಾಕಿತ್ತು, ಮಣ್ಣು ಇನ್ನೂ ಹಸಿಯಾಗಿತ್ತು. ಗುಡ್ಡಕ್ಕೆ ಹೆಸರು ಸುಮ್ಮನೆ ಬಂದಿಲ್ಲ ನೋಡು. ನಾನು ಅಪ್ಪನ ಹಿಂದೆ ಸರಿದೆ. ಅಪ್ಪ ಮಾತ್ರ ಚಪ್ಪಾಳೆ ತಟ್ಟಿ, ನೆಂಟರ ಮನೆಯ ಅಂಗಳದಲ್ಲಿ ನಿಂತವರ ಹಾಗೆ ಗಟ್ಟಿಯಾಗಿ, “ನಾವು ಬಂದೀವಪ್ಪ. ನಮ್ಮ ದನ ನೋಡ್ಕಂಡು ಹೋಗ್ತೀವಿ. ನಿನ್ನ ಪಾಡಿಗೆ ನೀನಿರು” ಎಂದರು. ಅದು ತನ್ನ ಪಾಡಿಗೆ ಇತ್ತು. ನಾವು ಅದನ್ನು ಕಾಣಲಿಲ್ಲ.

ಮೇಲೆ ಹತ್ತಿದಂತೆ ನವಿಲುಗಳು. ತುಗ್ಗಲಿ ಮರಗಳ ನಡುವೆ ಹಳೆಯವರು ಕಟ್ಟಿದ ಕಲ್ಲಿನ ರೊಪ್ಪ ಸಿಕ್ಕಿತು, ದನ ಕೂಡುವ ಜಾಗ. ಗೋಡೆ ಅಲ್ಲಲ್ಲಿ ಬಿದ್ದಿದೆ. ಒಳಗೆ ಹೊಸ ಸಗಣಿ ಇತ್ತು. ಅಪ್ಪ ಅದನ್ನು ಮುಟ್ಟಿ ನೋಡಿದರು, ಕಣ್ಣಲ್ಲಿ ನೀರು ಬಂತು. ಸಗಣಿ ಕಂಡು ಅತ್ತವರನ್ನು ನಾನು ನೋಡಿದ್ದು ಅದೇ ಮೊದಲು, ಆದರೆ ನನಗೂ ಅಳು ಬರುವ ಹಾಗಾಯಿತು.

ಸುತ್ತ ಹುಡುಕಿದರೂ ಕೆಂಚಿ ಕಾಣಲಿಲ್ಲ. ಹೊತ್ತು ಇಳಿಯುತ್ತಿತ್ತು. ನಾನು ತುದಿಯ ಬಂಡೆಯ ಮೇಲೆ ಸುಮ್ಮನೆ ಕುಂತೆ. ಅಪ್ಪ ಬಂದು ಬೈದರು.

“ಯಾಕ್ಲೇ ಸುಮ್ನೆ ಕುಂತಿ? ಕರಿ.”

“ತಾನೇ ಬರ್ತಾಳೆ ಬಿಡಪ್ಪ. ನೀನೇ ಹೇಳ್ತಿದ್ದಿ, ಎಳೀಬಾರ್ದು ಅಂತ.”

“ಎಳೀಬಾರ್ದು ಅಂದೆ. ಕರೀಬಾರ್ದು ಅಂತ ಯಾವಾಗ್ಲೇ ಅಂದೆ? ಕರೀದೆ ಕುಂತ್ರೆ ಅದಕ್ಕೆ ಹೆಂಗೆ ಗೊತ್ತಾಗ್ಬೇಕು, ತನಗೋಸ್ಕರ ಒಬ್ರು ಬಂದವ್ರೆ ಅಂತ? ಬರೋದು ಬಿಡೋದು ಅದರಿಷ್ಟ. ಕರೆಯೋದು ನಮ್ಮ ಕೆಲ್ಸ.”

ಅಪ್ಪನ ಗಂಟಲು ಈಗ ಮೊದಲಿನ ಹಾಗಿಲ್ಲ, ಅದಕ್ಕೆ ನಾನೇ ಕರೆದೆ. ಕಿಲಾರಿಗಳ ಕೂಗು ನೀನು ಕೇಳಿದ್ದೀಯಲ್ಲ, ಹೆಸರನ್ನು ಉದ್ದಕ್ಕೆ ಎಳೆದು, ಕೊನೆಗೆ ಬಾ ಎನ್ನುವುದು. ಹೊತ್ತು ಮುಳುಗುವವರೆಗೂ ಕರೆದೆ. ನೀರಿನ ಮೇಲೆ ಹೋದ ದನಿ ಎದುರಿನ ಗುಡ್ಡಕ್ಕೆ ತಾಗಿ ವಾಪಸು ಬರುತ್ತಿತ್ತು. ಹಸು ಬರಲಿಲ್ಲ. ರೊಪ್ಪದಲ್ಲಿ ಬೆಂಕಿ ಹಾಕಿ, ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದೆವು.

ಬೆಳಗ್ಗೆ ಕಣ್ಣು ಬಿಟ್ಟರೆ ರೊಪ್ಪದ ಬಾಗಿಲಲ್ಲಿ ಕೆಂಚಿ ನಿಂತಿದ್ದಾಳೆ! ಪಕ್ಕದಲ್ಲಿ ಅವಳದೇ ಬಣ್ಣದ ಕರು. ಅಪ್ಪ ಎದ್ದು ಕೂತು ಕೈಮುಗಿದರು. ಅವಳು ಹತ್ತಿರ ಬಂದು ಅವರ ಮಫ್ಲರ್ ಮೂಸಿದಳು, ಆಮೇಲೆ ಜಗಿಯತೊಡಗಿದಳು. ಅವಳ ಚಾಳಿ ಹೋಗಿಲ್ಲ.

ಮುರುಗೇಶ ಬಂದವನು, ಕರುವಿನ ಕಾಲು ಕಟ್ಟಿ ತೆಪ್ಪಕ್ಕೆ ಹಾಕಿಕೊಂಡರೆ ತಾಯಿ ಹಿಂದೆಯೇ ಈಜಿಕೊಂಡು ಬರುತ್ತದೆ ಎಂದ. ಅಪ್ಪ ಒಪ್ಪಲಿಲ್ಲ. ದನ ಸುಖವಾಗಿದೆ, ಮೇವಿದೆ, ನೀರಿದೆ, ನೀರಿಳಿದಾಗ ಬರಲಿ, ಅಲ್ಲಿಯವರೆಗೆ ವಾರ ವಾರ ನಾನು ಬಂದು ಕರೆದು ನೋಡಿಕೊಂಡು ಹೋಗಬೇಕು ಎಂದು ತೀರ್ಮಾನ ಮಾಡಿದರು. ವಾಪಸು ಬರುವಾಗ ತೆಪ್ಪದಲ್ಲಿ ಹಾಡು ಹೇಳಿಕೊಂಡು ಬಂದರು.

ಇಷ್ಟು ಬರೆಯುವಷ್ಟರಲ್ಲಿ ನಿನ್ನ ಹನ್ನೆರಡನೇ ತಾರೀಖಿನ ಕಾಗದ ಬಂತು. ಎರಡು ಸಲ ಓದಿದೆ. ದಪ್ಪ ಅಂಗಿಯ ಮಾತು ಅಂಗಿ ಹರಿದ ಮೇಲೆ ತಲುಪಿತು. ರಮ್ಯಾ, ಹಸುವಿನ ಬಗ್ಗೆ ಬರೆದದ್ದು ಹಸುವಿನ ಬಗ್ಗೆಯೇ. ನೆಪ ಮಾಡಿ ಬರೆಯುವಷ್ಟು ಜಾಣತನ ನನಗೆಲ್ಲಿಂದ ಬರಬೇಕು? ನಿನ್ನ ವಿಷಯ ನಿನ್ನಿಷ್ಟ ಎಂದದ್ದು ನಿನ್ನ ಮೇಲಿನ ಮರ್ಯಾದೆಯಿಂದ. ಅದರಲ್ಲಿ ಏನು ತಪ್ಪಾಯಿತೆಂದು ತಿಳಿಯುತ್ತಿಲ್ಲ. ಬೇಸರವಾಗಿದ್ದರೆ ಬೇಸರ ಮಾಡಿಕೊಳ್ಳಬೇಡ.

ಸೈಕಲ್ ನಿಧಾನವಾಗಿ ಹೊಡೆ.

ಚೇತನ್

*

ಹಿನ್ನೀರಿನ ದಡ
೨೧ ಫೆಬ್ರುವರಿ ೨೦೨೫, ಶುಕ್ರವಾರ

ರೀ,

ನಿಮ್ಮ ಕಾಗದ ಓದಿ ನಕ್ಕೆ, ಆಮೇಲೆ ಅತ್ತುಬಿಟ್ಟೆ, ಆಮೇಲೆ ನಿಮ್ಮ ಮೇಲೆ ಸಿಟ್ಟು ಬಂದು ಮೊಹರನ್ನು ಮೇಜಿಗೆ ಕುಟ್ಟಿದೆ. ಸಾಲಿನಲ್ಲಿ ನಿಂತಿದ್ದ ಬರಗೇರಮ್ಮ ಹೆದರಿ, “ನಾನು ನಾಳೆ ಬರ್ತೀನಿ ತಾಯಿ” ಎಂದು ಹೊರಟೇಬಿಟ್ಟಿದ್ದರು. ಕೈಹಿಡಿದು ವಾಪಸು ಕರೆತಂದು ಪಿಂಚಣಿ ಕೊಟ್ಟು ಕಳಿಸಿದೆ.

ಮೊದಲು ನನ್ನ ಮಾತು ವಾಪಸು ತೆಗೆದುಕೊಳ್ಳುತ್ತೇನೆ. ಹಸುವಿನ ಬಗ್ಗೆ ಬರೆದದ್ದು ಹಸುವಿನ ಬಗ್ಗೆಯೇ. ನಂಬಿದೆ. ನಿಮ್ಮನ್ನು ಬಲ್ಲವಳಾಗಿ ನನಗೆ ಅದು ಆಗಲೇ ಹೊಳೆಯಬೇಕಿತ್ತು.

ಇನ್ನು ಶನಿವಾರದ ಸಂಜೆಯ ವಿಷಯ. ಅವತ್ತು ಪಾರ್ವತಮ್ಮನ ಜೊತೆ ನೀರಿನ ದಂಡೆಯಲ್ಲಿದ್ದೆ. ಪಾತ್ರೆ ತೊಳೆಯುತ್ತಿದ್ದೆವು. ಗುಡ್ಡದ ತುದಿಯಿಂದ ಕೂಗು ಬಂತು. ಮೊದಲನೇ ಕೂಗಿಗೇ ಅದು ನಿಮ್ಮ ದನಿ ಎಂದು ಗೊತ್ತಾಯಿತು, ಕೈಯಲ್ಲಿದ್ದ ಚೊಂಬು ನೀರಿಗೆ ಬಿತ್ತು. ಹೆಸರು ಸರಿಯಾಗಿ ಕೇಳುತ್ತಿರಲಿಲ್ಲ, ಬಾ ಎನ್ನುವುದು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಪಾರ್ವತಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, “ಯಾರೋ ಪುಣ್ಯಾತ್ಮ, ಅದೆಷ್ಟು ಅಕ್ಕರೆಯಿಂದ ಕರೀತಾನೆ ನೋಡು” ಎಂದರು. ಹಸುವನ್ನು ಕರೆಯುತ್ತಿದ್ದಾರೆ ಎಂದೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ಹಸುವಿನ ಮೇಲೆ ಹೊಟ್ಟೆಕಿಚ್ಚಾಯಿತು. ಮದುವೆಯಾಗಿ ಒಂದೂವರೆ ವರ್ಷವಾಯಿತು. ನೀವು ನನಗೆ ಒಂದು ಗಟ್ಟಿ ಮಾತು ಆಡಿಲ್ಲ, ಒಂದು ದಿನ ನೋಯಿಸಿಲ್ಲ, ಕೆಲಸಕ್ಕೆ ಹೋಗುತ್ತೇನೆ ಎಂದಾಗ ನನ್ನ ಟ್ರಂಕು ಹೊತ್ತು ಬಸ್ಸಿಗೆ ಹಾಕಿದಿರಿ. ಆದರೆ ಒಮ್ಮೆಯೂ ಬಾ ಎಂದಿಲ್ಲ. ಭಾನುವಾರ ಬಂದು ಸೋಮವಾರ ಬೆಳಗ್ಗೆ ಬಸ್ಸು ಹತ್ತುವಾಗ ಕಿಟಕಿಯ ಹತ್ತಿರ ನಿಂತು, “ಸರಿ, ಹುಷಾರು” ಎನ್ನುತ್ತೀರಿ. ಮುಂದಿನ ವಾರ ಬಾ ಎನ್ನುವಿರೇನೋ ಎಂದು ಬಸ್ಸು ತಿರುವು ದಾಟುವವರೆಗೂ ನೋಡುತ್ತಿರುತ್ತೇನೆ. ನೀವು ಅಷ್ಟರಲ್ಲಿ ಬೈಕ್ ಸ್ಟಾರ್ಟ್ ಮಾಡಿರುತ್ತೀರಿ. ಆ ಎರಡು ಭಾನುವಾರ ಬಸ್ಸಿನ ತೊಂದರೆ ಏನೂ ಇರಲಿಲ್ಲ. ಕರೆಯದ ಮನೆಗೆ ಎಷ್ಟು ಸಲ ಹೋಗುವುದು ಎಂದು ಬರಲಿಲ್ಲ. ಬರದಿದ್ದರೆ ಒಂದು ಫೋನಾದರೂ ಮಾಡಿ ಯಾಕೆ ಬರಲಿಲ್ಲ ಎನ್ನುತ್ತೀರೆಂದು ಕಾದೆ. ಅದೂ ಇಲ್ಲ.

ಕರೆಯದೆ ಕೂತರೆ ತನಗೋಸ್ಕರ ಒಬ್ಬರು ಬಂದಿದ್ದಾರೆಂದು ಅದಕ್ಕೆ ಹೇಗೆ ಗೊತ್ತಾಗಬೇಕು ಎಂದು ಮಾವ ಹೇಳಿದ್ದನ್ನು ನನಗೆ ಬರೆದವರೂ ನೀವೇ, ಓದದವರೂ ನೀವೇ. ಇನ್ನೊಮ್ಮೆ ಓದಿ.

ಕೆಲಸ ಬಿಟ್ಟು ಬಾ ಎಂದರೆ ನಾನು ಬರುವವಳಲ್ಲ, ಅದೂ ನಿಮಗೆ ಗೊತ್ತು. ಈ ತಕ್ಕಡಿ, ಮೊಹರು, ಅಜ್ಜಿಯರು ಎಲ್ಲ ನನಗೆ ಪ್ರೀತಿ. ಎಲ್ಲಿಗೆ ಹೋದರೂ ಅಂಚೆಯವಳಾಗಿಯೇ ಇರುತ್ತೇನೆ. ನನಗೆ ಬೇಕಾದದ್ದು ಒಂದು ಕರೆ. ಬರುವುದು ಬಿಡುವುದು ಆಮೇಲಿನ ಮಾತು.

ಅರ್ಜಿಗೆ ಇಪ್ಪತ್ತೆಂಟನೇ ತಾರೀಖು ಕೊನೆ. ಈ ಕಾಗದ ನಿಮಗೆ ಮಂಗಳವಾರ ಸಿಗಬಹುದು. ನಿಮ್ಮ ಉತ್ತರ ಅಂಚೆಯಲ್ಲಿ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಗೊತ್ತಿದ್ದೂ ಅಂಚೆಗೇ ಹಾಕುತ್ತಿದ್ದೇನೆ, ನನ್ನ ಹಟ ನನಗೆ. ಫೋನ್ ಮಾತ್ರ ಮಾಡಬೇಡಿ. ಅತ್ತೆ ಸ್ಪೀಕರ್‌ನಲ್ಲಿ ಬಾರಮ್ಮ ಎಂದುಬಿಡುತ್ತಾರೆ, ನಿಮ್ಮ ಪಾಲಿನದ್ದನ್ನೂ ಅವರೇ ಹೇಳಿ ಮುಗಿಸಿಬಿಡುತ್ತಾರೆ.

ರಮ್ಯಾ

*

ಹಟ್ಟಿ
೨೬ ಫೆಬ್ರುವರಿ ೨೦೨೫, ಶಿವರಾತ್ರಿ
ಮುರುಗೇಶನ ಕೈಯಲ್ಲಿ

ರಮ್ಯಾ,

ನಿನ್ನ ಮಾತು ಮೀರಿ ಕಾಗದವನ್ನು ತೆಪ್ಪದಲ್ಲಿ ಕಳಿಸುತ್ತಿದ್ದೇನೆ, ಬೈಯಬೇಡ. ಇವತ್ತು ಹಬ್ಬವೆಂದು ಮುರುಗೇಶ ಬಲೆ ಹಾಕಿಲ್ಲ. ಇದೊಂದು ಕಾಗದಕ್ಕೋಸ್ಕರ ತೆಪ್ಪ ಬಿಡುತ್ತಿದ್ದಾನೆ. ಬುಟ್ಟಿಯನ್ನೂ ತೊಳೆದಿದ್ದಾನಂತೆ. ಮೀನಿನ ವಾಸನೆ ಬಂದರೆ ಅವನದು ತಪ್ಪಲ್ಲ, ಅದು ತೆಪ್ಪದ್ದು.

ನಿನ್ನ ಕಾಗದ ನಿನ್ನೆ ಬಂತು. ಓದಿದ ಮೇಲೆ ತೋಟದಲ್ಲೇ ಕುಂತಿದ್ದೆ. ಡ್ರಿಪ್ ನಿಲ್ಲಿಸುವುದು ಮರೆತು ಎರಡು ಸಾಲು ಕೆಸರಾಗಿದೆ. ಅಪ್ಪ ಬಂದು ನೋಡಿ, “ಏನಪ್ಪ, ದಾಳಿಂಬೆ ಬಿಟ್ಟು ಭತ್ತ ನಾಟಿ ಮಾಡ್ತೀಯೇನು?” ಎಂದರು.

ನೀನು ಬರೆದದ್ದೆಲ್ಲ ನಿಜ. ನಾನು ಕರೆಯಲಿಲ್ಲ. ನನಗೆ ಒಂದೇ ಹೆದರಿಕೆ ಇತ್ತು. ಬಾ ಎಂದರೆ ನೀನು ಮನಸ್ಸಿಲ್ಲದಿದ್ದರೂ ಬರುತ್ತೀಯ, ಇಷ್ಟಪಟ್ಟ ಕೆಲಸ ಬಿಟ್ಟು ಬರುತ್ತೀಯ, ಆಮೇಲೆ ಅವ್ವನ ಅಡುಗೆಮನೆಯಲ್ಲಿ ಬಾಡಿದ ಮುಖ ಮಾಡಿಕೊಂಡು ಓಡಾಡುತ್ತೀಯ. ಅದನ್ನು ನನ್ನಿಂದ ನೋಡಲು ಆಗುವುದಿಲ್ಲ. ಬಾ ಎನ್ನುವುದೂ ಒಂದು ಹಗ್ಗವೇ ಎಂದುಕೊಂಡಿದ್ದೆ. ದನದ ಹಿಂದೆ ಬೆಳೆದವನು, ಎಳೆಯದೆ ಇರುವುದೇ ಪ್ರೀತಿ ಎಂದು ತಿಳಿದುಕೊಂಡೆ. ಅಪ್ಪ ಬೈದಾಗಲೂ ಅದು ಕೆಂಚಿಗೆ ಮಾತ್ರ ಅನ್ವಯಿಸುತ್ತದೆ ಎಂದುಕೊಂಡೆ ನೋಡು, ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಆ ಎರಡು ಭಾನುವಾರವೂ ನಾನು ಬಸ್ ನಿಲ್ದಾಣದಲ್ಲಿದ್ದೆ. ಮೊದಲನೇ ಬಸ್ಸಿನಿಂದ ಕೊನೆಯ ಬಸ್ಸಿನವರೆಗೂ ಕಾದೆ. ಅವ್ವನಿಗೆ ಗೊಬ್ಬರ ತರಲು ಹೋಗಿದ್ದೆ ಎಂದೆ. “ಗೊಬ್ಬರ ತರಾಕೆ ಹೋದೋನು ಮಲ್ಲಿಗೆ ಹೂವು ತಂದೀಯಲ್ಲೋ” ಎಂದಳು. ಎರಡು ವಾರವೂ ಆ ಹೂವನ್ನು ಅವ್ವನೇ ಮುಡಿದಳು. ಯಾಕೆ ಬರಲಿಲ್ಲ ಎಂದು ನಿನಗೆ ಫೋನ್ ಮಾಡಲು ತೆಗೆದೆ, ಕೇಳಿದರೆ ಒತ್ತಾಯ ಮಾಡಿದ ಹಾಗಾಗುತ್ತದೆ ಎಂದು ಇಟ್ಟೆ. ಇದನ್ನೆಲ್ಲ ಆಗಲೇ ಹೇಳಿದ್ದರೆ ಇಷ್ಟು ಸುತ್ತು ಬೇಕಿರಲಿಲ್ಲ.

ನೀನಿಲ್ಲದೆ ನನಗೆ ಮನೆಯಲ್ಲಿ ಮನಸ್ಸು ನಿಲ್ಲುವುದಿಲ್ಲ. ಊಟ ಮಾಡುವಾಗ ನಿನ್ನ ತಟ್ಟೆ ಗೂಡಿನಲ್ಲಿ ಕಂಡರೆ ಬೇರೆ ಕಡೆ ತಿರುಗಿ ಕೂರುತ್ತೇನೆ. ಅರ್ಜಿ ಹಾಕು. ವರ್ಗವಾಗದಿದ್ದರೆ ಭಾನುವಾರ ಬಾ. ನಿನಗೆ ಆಗದ ವಾರ ನನ್ನನ್ನು ಕರಿ, ನಾನೇ ಆ ದಡಕ್ಕೆ ಬಂದು ಪಾರ್ವತಮ್ಮನ ಜಗುಲಿಯಲ್ಲಿ ಮಲಗುತ್ತೇನೆ. ನಿನ್ನ ಅಂಚೆಚೀಲ ಎಲ್ಲಿದ್ದರೂ ಸರಿ, ಅದನ್ನು ಹೊತ್ತುಕೊಂಡು ಬಾ.

ಮಾರ್ಚ್ ಒಂದು, ಶನಿವಾರ, ಮತ್ತೆ ಕರಡಿಗುಡ್ಡಕ್ಕೆ ಹೋಗುತ್ತೇನೆ. ಅಪ್ಪನಿಗೆ ನೀರಿನ ಗಾಳಿಗೆ ಕೆಮ್ಮು ಬಂದಿದೆ, ನಾನೊಬ್ಬನೇ. ಸಂಜೆ ತುದಿಗೆ ಹತ್ತಿ ಕರೆಯುತ್ತೇನೆ. ಈ ಸಲ ಎರಡು ಹೆಸರು ಕರೆಯುತ್ತೇನೆ.

ಮೊದಲು ಹರಿದುಹಾಕಿದ್ದನ್ನು ಈಗ ಪೂರ್ತಿ ಮಾಡುತ್ತೇನೆ. ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಬಾ.

ನಿನ್ನ ಚೇತನ್

*

ಹಿನ್ನೀರಿನ ದಡ
೨೭ ಫೆಬ್ರುವರಿ ೨೦೨೫
ಮುರುಗೇಶನ ಕೈಯಲ್ಲಿ

ರೀ,

ಮುರುಗೇಶನ ಕೈಯಲ್ಲಿ ಬಂದರೂ ಕವರಿಗೆ ಅಂಚೆಚೀಟಿ ಹಚ್ಚಿ ಮೊಹರು ಒತ್ತಿದ್ದೇನೆ, ನೋಡಿಕೊಳ್ಳಿ. ಪ್ರೀತಿಗೆ ನಿಯಮ ಸಡಿಲಿಸಬಹುದು, ಸರ್ಕಾರಕ್ಕೆ ಮೋಸ ಮಾಡಲಾಗದು.

ನಿನ್ನೆ ನಿಮ್ಮ ಕಾಗದ ಬಂದಾಗ ಉಪವಾಸವಿದ್ದೆ. ಆಮೇಲೆ ಹಸಿವೆಯೇ ತಿಳಿಯಲಿಲ್ಲ. ಜಾಗರಣೆಗೆ ಕೂತ ಪಾರ್ವತಮ್ಮ, “ಈ ಸಲಾನೂ ಹಸೂನೇನಾ?” ಎಂದು ಕೇಳಿದರು. ಅಲ್ಲ, ಈ ಸಲ ನಾನು ಎಂದೆ. ಅವರಿಗೆ ಏನು ಅರ್ಥವಾಯಿತೋ, ನನ್ನ ತಲೆ ನೇವರಿಸಿ ಭಜನೆಗೆ ಹೋದರು.

ಇವತ್ತು ಬೆಳಗ್ಗೆ ಅರ್ಜಿ ಹಾಕಿದೆ. ಆದೇಶ ಬರಲು ತಿಂಗಳುಗಳೇ ಆಗಬಹುದು, ಬರದೆಯೂ ಹೋಗಬಹುದು. ಬಂದರೆ ಅಂಚೆಯವಳಾಗಿಯೇ ಬರುತ್ತೇನೆ. ಬರದಿದ್ದರೆ ಒಂದು ವಾರ ನೀವು, ಒಂದು ವಾರ ನಾನು. ಮಲ್ಲಿಗೆ ತಂದ ದಿನ ಮಾತ್ರ ಅತ್ತೆಯ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಅಥವಾ ಎರಡು ಮೊಳ ತನ್ನಿ, ಅವರಿಗೂ ಇರಲಿ.

ಶನಿವಾರ ಮಧ್ಯಾಹ್ನ ಕಚೇರಿ ಮುಚ್ಚಿದ ಕೂಡಲೇ ಮುರುಗೇಶ ನನ್ನನ್ನು ಗುಡ್ಡಕ್ಕೆ ಬಿಡುತ್ತಾನೆ, ಮಾತಾಡಿದ್ದೇನೆ. ಬುತ್ತಿ ಕಟ್ಟಿಕೊಂಡು ಬರುತ್ತೇನೆ. ಕೆಂಚಿಗೆಂದು ಒಂದು ಹಳೆಯ ಸೀರೆಯನ್ನೇ ಉಟ್ಟುಕೊಂಡು ಬರುತ್ತೇನೆ, ಜಗಿದರೆ ಜಗಿಯಲಿ. ಕರಡಿ ಎದುರಾದರೆ ಮಾವನ ಹಾಗೆ ಚಪ್ಪಾಳೆ ತಟ್ಟಿ, ನಾನು ಇವರ ಮನೆಯವಳು ಎಂದು ಹೇಳುತ್ತೇನೆ.

ನಾನು ಬೇಗ ಬಂದುಬಿಟ್ಟೆನೆಂದು ನೀವು ಕರೆಯುವುದನ್ನು ಬಿಡಬಾರದು. ಸಂಜೆಯಾದ ಕೂಡಲೇ ಬಂಡೆ ಹತ್ತಿ. ಮೊದಲು ಕೆಂಚಿಯನ್ನು ಕರೆಯಿರಿ, ಅವಳು ನನಗಿಂತ ಹಿರಿಯಳು. ಆಮೇಲೆ ನನ್ನ ಹೆಸರು ಹಿಡಿದು, ಪಾರ್ವತಮ್ಮನ ದಂಡೆಯವರೆಗೂ ಕೇಳುವ ಹಾಗೆ ಗಟ್ಟಿಯಾಗಿ ಕರೆಯಿರಿ.

ನಾನು ಆಗ ನಿಮ್ಮ ಪಕ್ಕದಲ್ಲೇ ಕೂತಿರುತ್ತೇನೆ. ಆದರೂ ಕರೆಯಿರಿ.

ನಿಮ್ಮ ರಮ್ಯಾ